12 ಎಂಎಂ ಶಾಫ್ಟ್ ಪಟಕ್ಕನೆ ಮುರಿದ ಮೇಲೆ: 15 ಕೆಜಿ ರೋಬೋಟಿಗೆ ಹೊಸ ಚಕ್ರದ ಶಾಫ್ಟ್

ಮುರಿದ ಶಾಫ್ಟಿನ, ಅಂದರೆ ಚಕ್ರವನ್ನು ತಿರುಗಿಸುವ ಸರಳಿನ, ತುಂಡು ಈಗಲೂ ನನ್ನ ಮೇಜಿನ ಮೇಲಿದೆ. ಉದ್ದ 41 ಎಂಎಂ, ದಪ್ಪ 12 ಎಂಎಂ. ಒಂದು ತುದಿಯಲ್ಲಿ ಅರ್ಧ ತೂತು ಕಾಣುತ್ತದೆ. ಆ ತೂತಿನ ಮಧ್ಯಕ್ಕೇ ಸೀಮೆಸುಣ್ಣದ ಕಡ್ಡಿಯಂತೆ ಮುರಿದಿದೆ. ಬಗ್ಗಿಲ್ಲ, ತಿರುಚಿಲ್ಲ. ಎರಡೂ ತುಂಡು ಜೋಡಿಸಿ ಹಿಡಿದರೆ ಮುರಿದ ಗೆರೆ ಹುಡುಕಬೇಕು, ಅಷ್ಟು ಸರಿಯಾಗಿ ಕೂರುತ್ತವೆ.

ನಾನು ಮಂಡ್ಯದವನು. ಕೆಲಸ ಮೈಸೂರಿನ ಒಂದು ಕಾರ್ಖಾನೆಯಲ್ಲಿ, ಅಳತೆ ನೋಡುವ ವಿಭಾಗ. ವಾರವೆಲ್ಲ ರೈಲಿನಲ್ಲಿ ಓಡಾಟ. ಭಾನುವಾರ ಮಾತ್ರ ಐದು ಜನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಜೊತೆ ಗುತ್ತಲು ರಸ್ತೆಯ ಒಂದು ಶೆಡ್‌ನಲ್ಲಿ ಕಳೆಯುತ್ತೇನೆ. ಅವರು ರೋಬೋ ವಾರ್‌ಗೆ, ಅಂದರೆ ರೋಬೋಟ್‌ಗಳ ಕಾದಾಟದ ಪಂದ್ಯಕ್ಕೆ, 15 ಕೆಜಿ ವರ್ಗದ ರೋಬೋಟ್ ಕಟ್ಟುತ್ತಾರೆ. ನಾಲ್ಕು ಚಕ್ರ, ನಾಲ್ಕಕ್ಕೂ ಮೋಟಾರಿನ ಬಲ. ಚಕ್ರದ ವ್ಯಾಸ 100 ಎಂಎಂ, ಅಗಲ 30 ಎಂಎಂ. ಮುಂದೆ ತಿರುಗುವ ಆಯುಧ.

ಕಳೆದ ಪಂದ್ಯದಲ್ಲಿ ಎದುರಾಳಿಯ ಸ್ಪಿನ್ನರ್ (ತಿರುಗುವ ಆಯುಧ) ನಮ್ಮದನ್ನು ಎತ್ತಿ ಎಸೆಯಿತು. ಅರ್ಧ ಮೀಟರ್ ಮೇಲೆ ಹೋಗಿರಬಹುದು. ಎಡಗಡೆಯ ಎರಡು ಚಕ್ರಗಳ ಮೇಲೆ ಬಿತ್ತು. ಮುಂದಿನ ಚಕ್ರ ತಾನಾಗಿಯೇ ಉರುಳಿಕೊಂಡು ಅಖಾಡದ ಮೂಲೆಗೆ ಹೋಗಿ ಗೋಡೆಗೆ ಒರಗಿ ನಿಂತಿತು. ರೋಬೋಟ್ ಇದ್ದಲ್ಲೇ ಗಿರಗಿರ ಸುತ್ತತೊಡಗಿತು. ಹುಡುಗರ ಮುಖ ನೋಡಲು ಆಗಲಿಲ್ಲ. ಮೂರು ತಿಂಗಳು ಕಷ್ಟಪಟ್ಟಿದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಎಲ್ಲರದ್ದೂ ಒಂದೇ ಮಾತು. "ಅಣ್ಣ, ಇನ್ನೂ ಗಟ್ಟಿ ಮೆಟೀರಿಯಲ್ ಹಾಕೋಣ." ನನಗೂ ಆಗ ಹಾಗೇ ಅನಿಸಿತ್ತು.

ಮೊದಲು ಏನೇನು ಹಾಕಿದ್ದೆವು

ಮುರಿದದ್ದು ನಮ್ಮ ಎರಡನೇ ಶಾಫ್ಟ್. ಮೊದಲನೆಯದು ಸಾಮಾನ್ಯ ಎಂಎಸ್ (ಮೈಲ್ಡ್ ಸ್ಟೀಲ್). 16 ಎಂಎಂ ಕಪ್ಪು ರಾಡ್ ತಂದು ಲೇತಿನಲ್ಲಿ 12ಕ್ಕೆ ಟರ್ನಿಂಗ್ ಮಾಡಿಸಿದ್ದೆವು. ಅದು ಮುರಿಯಲಿಲ್ಲ. ಆದರೆ ಎರಡು ಪಂದ್ಯ ಆಡುವಷ್ಟರಲ್ಲಿ ಬಗ್ಗಿತು. ಚಕ್ರಗಳು ಹಳೇ ಸೈಕಲ್ಲಿನ ಬೆಂಡಾದ ರಿಮ್ಮಿನಂತೆ ಓಲಾಡುತ್ತಿದ್ದವು. ಚೈನ್ ಕಳಚಿಕೊಳ್ಳುತ್ತಿತ್ತು.

"ಬಗ್ಗುತ್ತೆ ಅಂದ್ರೆ ಮೆತ್ತಗಿದೆ, ಗಟ್ಟಿ ಇರೋದು ಬೇಕು" ಎಂದು ಹುಡುಗರು 3ಡಿ ಪ್ರಿಂಟರ್‌ಗಳಲ್ಲಿ ಬರುವ ಲೀನಿಯರ್ ರಾಡ್ ತರಿಸಿದರು. ಕನ್ನಡಿಯಂತೆ ಹೊಳೆಯುವ 12 ಎಂಎಂ ರಾಡ್. ಅಳತೆ ಪಕ್ಕಾ. ಅರ ಹಾಕಿದರೆ ಹಿಡಿಯುವುದೇ ಇಲ್ಲ, ಜಾರುತ್ತದೆ. ಹೊರಗಿನ ಪದರ 60 ಎಚ್‌ಆರ್‌ಸಿ (ಗಡಸುತನದ ಅಳತೆ) ಆಸುಪಾಸು ಗಡಸು. ಅದು ಗಡಸಾಗಿರುವುದಕ್ಕೂ ಕಾರಣ ಇದೆ. ಅದರ ಮೇಲೆ ಬೇರಿಂಗಿನ ಚೆಂಡುಗಳು ದಿನವಿಡೀ ಉರುಳಬೇಕು, ಸವೆಯಬಾರದು. ಆ ರಾಡ್ ಹುಟ್ಟಿದ್ದು ಆ ಕೆಲಸಕ್ಕೆ. ಪೆಟ್ಟು ತಿನ್ನುವುದಕ್ಕಲ್ಲ.

ನಾವು ಅದಕ್ಕೆ ಕಾರ್ಬೈಡ್ ಡ್ರಿಲ್ ಹಾಕಿ, ಚಕ್ರವನ್ನು ಶಾಫ್ಟಿಗೆ ಹಿಡಿದಿಡುವ ರೋಲ್ ಪಿನ್ನಿಗೆ 4 ಎಂಎಂ ಅಡ್ಡ ತೂತು ಕೊರೆದೆವು. ತುಂಬಾ ಒದ್ದಾಡಿ ಕೊರೆದದ್ದು. ತೂತಿನ ಅಂಚು ಚೂಪಾಗಿ ಉಳಿಯಿತು. ಅಷ್ಟು ಗಡಸು ಪದರದಲ್ಲಿ ಕಣ್ಣಿಗೆ ಕಾಣದ ಸಣ್ಣ ಬಿರುಕು ಇದ್ದರೂ ಸಾಕು, ಒಂದೇ ಪೆಟ್ಟಿಗೆ ಪೂರ್ತಿ ಓಡುತ್ತದೆ. ಆದದ್ದೂ ಅದೇ.

ಲೇತ್ ಅಂಗಡಿಯ ಯಜಮಾನರು

ಮುಂದಿನ ಭಾನುವಾರ ತುಂಡುಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಲೇತ್ ಅಂಗಡಿಗೆ ಹೋದೆ. ಅಲ್ಲಿನ ಯಜಮಾನರ ಮುಖ್ಯ ಕೆಲಸ ಆಲೆಮನೆ ಗಾಣಗಳ ರಿಪೇರಿ. ಟಿಲ್ಲರ್, ಟ್ರ್ಯಾಕ್ಟರ್ ಸಾಮಾನುಗಳೂ ಬರುತ್ತವೆ. ಕಬ್ಬಿನ ಕಾಲದಲ್ಲಿ ಗಾಣದ ಶಾಫ್ಟ್ ಮುರಿದರೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಅರ್ಧಕ್ಕೇ ನಿಲ್ಲುತ್ತದೆ. ಕಡಿದ ಕಬ್ಬು ಒಣಗುತ್ತದೆ. ಹಾಗಾಗಿ ರಾತ್ರಿ ಹನ್ನೊಂದಕ್ಕೂ ಅವರ ಅಂಗಡಿ ಬಾಗಿಲು ಬಡಿಯುವವರು ಇರುತ್ತಾರೆ.

ಅವರು ನಮ್ಮ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. ಮುರಿದ ಮುಖ ಸಕ್ಕರೆ ಹರಳಿನಂತೆ ಮಿನುಗುತ್ತಿತ್ತು.

"ಇದು ಒಂದೇ ಏಟಿಗೆ ಹೋಗಿರೋದು ಕಣಪ್ಪ. ಸುಸ್ತಾಗಿ ಹೋದದ್ದಲ್ಲ" ಎಂದರು.

ನಂತರ ಮೂಲೆಯ ಗುಜರಿ ರಾಶಿಯಿಂದ ಒಂದು ಗಾಣದ ಶಾಫ್ಟಿನ ತುಂಡು ಎಳೆದು ತೋರಿಸಿದರು. ನನ್ನ ಮಣಿಕಟ್ಟಿಗಿಂತ ದಪ್ಪ. ಅದರ ಮುರಿದ ಮುಖದಲ್ಲಿ ಕೀವೇ (ಕೀ ಕೂರಿಸುವ ಉದ್ದ ತೋಡು) ಮೂಲೆಯಿಂದ ಶುರುವಾದ ಬಿಲ್ಲಿನಾಕಾರದ ಗೆರೆಗಳು. ಒಂದರ ಹಿಂದೆ ಒಂದು, ಕೆರೆಯ ನೀರು ಇಳಿದಾಗ ದಡದಲ್ಲಿ ಉಳಿಯುವ ಗುರುತಿನಂತೆ. ಮೂರು ಪಾಲು ಮುಖ ನಯವಾಗಿತ್ತು. ಕೊನೆಯ ಒಂದು ಪಾಲು ಮಾತ್ರ ಒರಟು. ಬಿರುಕು ಮೂಲೆಯಲ್ಲಿ ಹುಟ್ಟಿ, ದಿನಾ ಸ್ವಲ್ಪ ಸ್ವಲ್ಪ ಬೆಳೆದು, ಉಳಿದ ಲೋಹ ಸಾಲದಾದಾಗ ಕಡೆಗೆ ಮುರಿದ ಗುರುತು ಅದು. ಇದನ್ನೇ ಲೋಹದ ಆಯಾಸ ಎನ್ನುವುದು.

"ಹೊಸಾ ಶಾಫ್ಟ್ ಮಾಡ್ಕೊಡು ಅಂತಾರೆ. ನಾನು ಮೂಲೇಲಿ ರೇಡಿಯಸ್ ಕೊಡ್ತೀನಿ. ಹಳೇದಕ್ಕಿಂತ ಜಾಸ್ತಿ ದಿನ ಬತ್ತದೆ. ಕಬ್ಬಿಣ ಅದೇಯ" ಎಂದರು. ರೇಡಿಯಸ್ ಅಂದರೆ ಚೂಪು ಮೂಲೆಯನ್ನು ದುಂಡಗೆ ಮಾಡುವುದು.

ಈ ಮಾತಿಗೆ ಬಹಳ ಹಳೆಯ ಬೇರು ಇದೆ. 1842ರ ಮೇನಲ್ಲಿ ಫ್ರಾನ್ಸಿನ ವರ್ಸೈ ಬಳಿ ರೈಲು ಇಂಜಿನ್ನಿನ ಆಕ್ಸಲ್ ಮುರಿದು ದೊಡ್ಡ ಅಪಘಾತವಾಯಿತು. ಮರು ವರ್ಷವೇ ರ‍್ಯಾಂಕಿನ್ ಎಂಬ ಸ್ಕಾಟ್ಲೆಂಡಿನ ಎಂಜಿನಿಯರ್ ಮುರಿದ ಆಕ್ಸಲ್‌ಗಳನ್ನು ಪರೀಕ್ಷೆ ಮಾಡಿ, ದಪ್ಪ ಬದಲಾಗುವ ಮೂಲೆಯಲ್ಲಿ ಬಿರುಕು ಹುಟ್ಟುತ್ತದೆ, ಅಲ್ಲಿ ದೊಡ್ಡ ದುಂಡು ಕೊಡಿ ಎಂದು ಬರೆದ. ಆಮೇಲೆ ಜರ್ಮನಿಯಲ್ಲಿ ವೋಲರ್ ವರ್ಷಗಟ್ಟಲೆ ಆಕ್ಸಲ್‌ಗಳನ್ನು ತಿರುಗಿಸಿ ತಿರುಗಿಸಿ ಮುರಿದು ಲೆಕ್ಕ ಬರೆದಿಟ್ಟ. ಗುತ್ತಲು ರಸ್ತೆಯ ಯಜಮಾನರು ಇದನ್ನೆಲ್ಲ ಓದಿಲ್ಲ. ಗಾಣದ ಶಾಫ್ಟ್‌ಗಳು ಅವರಿಗೆ ಅದನ್ನೇ ಕಲಿಸಿವೆ. ನನಗೆ ಅವರ ಮೇಲಿನ ಗೌರವ ಆ ದಿನ ಇನ್ನೂ ಹೆಚ್ಚಾಯಿತು.

ಕಾಗದದ ಮೇಲಿನ ಲೆಕ್ಕ

ಮನೆಗೆ ಬಂದು ಕಡೆಗೂ ಮೊದಲೇ ಮಾಡಬೇಕಿದ್ದ ಲೆಕ್ಕ ಮಾಡಿದೆ. ಡ್ರೈವ್ ಶಾಫ್ಟ್ ಅಂದ ತಕ್ಷಣ ಎಲ್ಲರೂ ಟಾರ್ಕ್ (ತಿರುಗಿಸುವ ಬಲ) ಬಗ್ಗೆ ಯೋಚಿಸುತ್ತೇವೆ, ಅಲ್ವಾ? ಮೊದಲು ಅದನ್ನೇ ನೋಡೋಣ.

ಇಡೀ 15 ಕೆಜಿ ಭಾರ ಎರಡೇ ಚಕ್ರದ ಮೇಲೆ ಬಿತ್ತು ಎಂದುಕೊಳ್ಳಿ. ಒಂದು ಚಕ್ರಕ್ಕೆ ಸುಮಾರು 74 ನ್ಯೂಟನ್. ರಬ್ಬರ್ ಚೆನ್ನಾಗಿ ಕಚ್ಚಿಕೊಂಡರೂ ನೆಲದಿಂದ ಬರುವ ತಳ್ಳು ಅಷ್ಟೇ ಇರುತ್ತದೆ. ಚಕ್ರದ ತ್ರಿಜ್ಯ 50 ಎಂಎಂ. ಅಂದರೆ ಟಾರ್ಕ್ 3.7 ನ್ಯೂಟನ್ ಮೀಟರ್. ಅದಕ್ಕಿಂತ ಜಾಸ್ತಿ ಕೊಟ್ಟರೆ ಚಕ್ರ ಜಾರುತ್ತದೆ. ದುಂಡು ಶಾಫ್ಟಿನ ತಿರುಚು ಒತ್ತಡಕ್ಕೆ ಸೂತ್ರ ಸುಲಭ: ಟಾರ್ಕನ್ನು 16ರಿಂದ ಗುಣಿಸಿ, ಪೈ ಮತ್ತು ವ್ಯಾಸದ ಘನದಿಂದ ಭಾಗಿಸಬೇಕು. 12 ಎಂಎಂಗೆ ಬಂದದ್ದು ಬರೀ 11 ಮೆಗಾಪ್ಯಾಸ್ಕಲ್. ಚಕ್ರ ಎಲ್ಲೋ ಸಿಕ್ಕಿಕೊಂಡು ಮೋಟಾರ್ ಪೂರ್ತಿ ನಿಂತುಬಿಟ್ಟರೆ ನಮ್ಮ ಗೇರಿನಿಂದ ಬರುವುದು 25 ನ್ಯೂಟನ್ ಮೀಟರ್. ಆಗಲೂ 74 ಮೆಗಾಪ್ಯಾಸ್ಕಲ್. ಸಾಮಾನ್ಯ ಎಂಎಸ್ ಕೂಡ ತಿರುಚಿನಲ್ಲಿ ಇದರ ಎರಡರಷ್ಟು ತಡೆಯುತ್ತದೆ.

ಹಾಗಾದರೆ ಟಾರ್ಕ್ ನಮ್ಮ ಶಾಫ್ಟನ್ನು ಮುರಿಯಲಿಲ್ಲ. ಬಗ್ಗಿಸುವ ಬಲ ಮುರಿಯಿತು.

ಅರ್ಧ ಮೀಟರ್‌ನಿಂದ ಬಿದ್ದ 15 ಕೆಜಿಯ ಶಕ್ತಿ ಸುಮಾರು 74 ಜೌಲ್. ಎರಡು ಚಕ್ರ ಹಂಚಿಕೊಂಡರೆ ತಲಾ 37. ರಬ್ಬರ್, ಚಾಸಿ ಎಲ್ಲ ಸೇರಿ 15 ಎಂಎಂ ತಗ್ಗಿತು ಎಂದಿಟ್ಟರೆ ಸರಾಸರಿ ಬಲ 2,450 ನ್ಯೂಟನ್. ಸ್ಪ್ರಿಂಗ್ ತರಹ ತಗ್ಗುವ ವಸ್ತುವಿನಲ್ಲಿ ಕೊನೆಯ ಗಳಿಗೆಯ ಬಲ ಇದರ ಎರಡರಷ್ಟು, 4,900. ನಮ್ಮ ಚಕ್ರದ ನಡುಗೆರೆ ಬೇರಿಂಗಿನ ಮುಖದಿಂದ 30 ಎಂಎಂ ಹೊರಗಿತ್ತು. ಗುಣಿಸಿದರೆ 147 ನ್ಯೂಟನ್ ಮೀಟರ್. ಬಗ್ಗುವ ಒತ್ತಡಕ್ಕೆ 16ರ ಬದಲು 32 ಹಾಕಬೇಕು. 12 ಎಂಎಂ ಶಾಫ್ಟಿನಲ್ಲಿ 866 ಮೆಗಾಪ್ಯಾಸ್ಕಲ್!

ಸಾಮಾನ್ಯ ಎಂಎಸ್ 250ರ ಸುಮಾರಿಗೆ ಬಾಗಿ ಉಳಿಯುತ್ತದೆ. ನಮ್ಮ ಮೊದಲ ಶಾಫ್ಟ್ ಬಾಗಿದ್ದು ಆಶ್ಚರ್ಯವಲ್ಲ. ಇದರ ಮೇಲೆ ನಾವು ಅಡ್ಡ ತೂತನ್ನು ಬೇರಿಂಗಿನಿಂದ ಬರೀ 8 ಎಂಎಂ ದೂರದಲ್ಲಿ ಕೊರೆದಿದ್ದೆವು. ಬಗ್ಗುವ ಬಲ ಅತಿ ಜಾಸ್ತಿ ಇರುವ ಜಾಗದ ಪಕ್ಕದಲ್ಲೇ ತೂತು. ಯಾಕೆ? ಹಬ್ (ಚಕ್ರವನ್ನು ಶಾಫ್ಟಿಗೆ ಕೂರಿಸುವ ನಡುಭಾಗ) ಇದೆಯಲ್ಲ, ಪಿನ್ ಕೂರುವ ಅದರ ಉದ್ದನೆಯ ಕತ್ತು ಒಳಬದಿಗೆ ಇತ್ತು. ನೋಡಲು ಹೊರಗಡೆ ಚೆನ್ನಾಗಿ ಕಾಣಲಿ ಎಂದು ಹಾಗೆ ಇಟ್ಟಿದ್ದೆವು. ಆ ಕತ್ತಿನಿಂದಲೇ ಚಕ್ರ 12 ಎಂಎಂ ಹೊರಗೆ ಹೋಗಿತ್ತು.

ಹಬ್ ತಿರುಗಿಸಿ ಹಾಕಿದರೆ ಚಕ್ರ 12 ಎಂಎಂ ಒಳಗೆ ಬರುತ್ತದೆ. ಪಿನ್ ತೂತು ಚಕ್ರದ ಆಚೆ ಬದಿಗೆ ಹೋಗುತ್ತದೆ. ಅಲ್ಲಿ ಬಗ್ಗುವ ಬಲ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಟಾರ್ಕ್ ಮಾತ್ರ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಈ ಲೆಕ್ಕ ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರು ತಿಂಗಳಿಂದ ಅದು ಕಣ್ಣೆದುರೇ ಇತ್ತು.

ಶೆಡ್‌ನಲ್ಲಿ ಒಂದು ಪರೀಕ್ಷೆ

ಹುಡುಗರಿಗೆ ಲೆಕ್ಕ ತೋರಿಸಿದೆ. ಒಪ್ಪಿದರು. ಆದರೂ ತಂಡದ ಒಬ್ಬಳು ಹುಡುಗಿ ಕೇಳಿದಳು, "ಅಣ್ಣ, ಒಳ್ಳೇ ಸ್ಟೀಲ್ ಹಾಕಿದ್ರೆ ಬಗ್ಗೋದೇ ಇಲ್ಲ ಅಲ್ವಾ?" ಬಹಳ ಒಳ್ಳೆಯ ಪ್ರಶ್ನೆ. ಬಾಯಲ್ಲಿ ಹೇಳುವ ಬದಲು ಮಾಡಿ ನೋಡೋಣ ಎಂದೆ.

12 ಎಂಎಂ ದಪ್ಪದ ಮೂರು ಸರಳು ತಂದೆವು: ಎಂಎಸ್, ಇಎನ್24ಟಿ (ನಿಕ್ಕಲ್ ಸೇರಿದ, ಹದ ಮಾಡಿದ ಒಳ್ಳೆಯ ಸ್ಟೀಲ್), 6061 ಅಲ್ಯೂಮಿನಿಯಂ. ವೈಸ್‌ನಲ್ಲಿ ಕಚ್ಚಿಸಿ 300 ಎಂಎಂ ಹೊರಗೆ ಬಿಟ್ಟೆವು. ತುದಿಗೆ ಬಕೆಟ್ ಕಟ್ಟಿ, ತಕ್ಕಡಿಯಲ್ಲಿ ತೂಗಿದ ಮರಳು ಸುರಿದೆವು. ಬಕೆಟ್ ಸೇರಿ 10 ಕೆಜಿ. ಎಂಎಸ್ ನಾಲ್ಕೂವರೆ ಎಂಎಂ ತಗ್ಗಿತು. ಇಎನ್24ಟಿ ಕೂಡ ನಾಲ್ಕೂವರೆ! ಅಲ್ಯೂಮಿನಿಯಂ ಹದಿಮೂರರ ಹತ್ತಿರ.

ಹುಡುಗಿ ಡಯಲ್ ಗೇಜನ್ನು ಎರಡು ಸಲ ಮತ್ತೆ ಸೆಟ್ ಮಾಡಿ ನೋಡಿದಳು. ಅದೇ ಬಂತು. ಸ್ಟೀಲು ಅಗ್ಗದ್ದಾಗಲಿ ದುಬಾರಿಯದಾಗಲಿ, ಗಡಸಾಗಲಿ ಮೆದುವಾಗಲಿ, ಬಗ್ಗುವ ಪ್ರಮಾಣ ಒಂದೇ. ಅದರ ಸ್ಥಿತಿಸ್ಥಾಪಕತೆಯ ಅಂಕಿ ಎಲ್ಲ ಸ್ಟೀಲಿಗೂ ಸುಮಾರು 200 ಗಿಗಾಪ್ಯಾಸ್ಕಲ್. ಅಲ್ಯೂಮಿನಿಯಂದು 70. ಟೈಟಾನಿಯಂದು 110ರ ಸುಮಾರು.

ನಂತರ 30 ಕೆಜಿ ಹಾಕಿದೆವು. ಎಂಎಸ್ ಕುಸಿದು ಬಿತ್ತು, ಬಕೆಟ್ ನೆಲಕ್ಕೆ ತಾಗಿತು. ಇಎನ್24ಟಿ 13 ಎಂಎಂ ಬಗ್ಗಿತು. ಬಕೆಟ್ ಬಿಚ್ಚಿದೆವು. ಡಯಲಿನ ಮುಳ್ಳು ಸೀದಾ ಸೊನ್ನೆಗೆ ಬಂದು ನಿಂತಿತು. ಎಲ್ಲರೂ ಚಪ್ಪಾಳೆ ಹೊಡೆದರು. ಒಳ್ಳೆಯ ಸ್ಟೀಲಿಗೆ ದುಡ್ಡು ಕೊಡುವುದು ಆ ಸೊನ್ನೆಗಾಗಿ. ಅದು ಎಲ್ಲದರಂತೆ ಬಗ್ಗುತ್ತದೆ, ಆದರೆ ವಾಪಸ್ ಬರುತ್ತದೆ. ಬಗ್ಗುವುದನ್ನೇ ಕಡಿಮೆ ಮಾಡಬೇಕಾದರೆ ದಪ್ಪ ಹೆಚ್ಚಿಸಬೇಕು, ಇಲ್ಲವೇ ಹೊರಚಾಚು (ಬೇರಿಂಗಿನಿಂದ ಚಕ್ರ ಹೊರಗಿರುವ ದೂರ) ಕಡಿಮೆ ಮಾಡಬೇಕು.

ಯಾವ ಲೋಹ

ಕೈಗೆ ಸಿಗುವ ಎಲ್ಲದರ ಬಗ್ಗೆಯೂ ಮಾತಾಡಿದೆವು. ಸ್ಟೇನ್‌ಲೆಸ್ 304 ಬೇಡ ಎಂದು ಬೇಗ ನಿರ್ಧಾರವಾಯಿತು. ಹೊಳೆಯುತ್ತದೆ, ತುಕ್ಕು ಹಿಡಿಯುವುದಿಲ್ಲ ಎಂದು ಅದು ಗಟ್ಟಿ ಎಂಬ ನಂಬಿಕೆ ಇದೆ. ಕಾಯಿಸಿ ಮೆದು ಮಾಡಿದ 304 ಸುಮಾರು 210 ಮೆಗಾಪ್ಯಾಸ್ಕಲ್‌ಗೇ ಬಾಗಿ ಉಳಿಯುತ್ತದೆ, ಎಂಎಸ್‌ಗಿಂತಲೂ ಕಡಿಮೆ. 7075-ಟಿ6 ಅಲ್ಯೂಮಿನಿಯಂ 500ರವರೆಗೆ ತಡೆಯುತ್ತದೆ, ತೂಕ ಸ್ಟೀಲಿನ ಮೂರನೇ ಒಂದು. ಆಸೆ ಆಗುತ್ತದೆ. ಆದರೆ ಮೂರು ಪಟ್ಟು ಬಗ್ಗುತ್ತದೆ, ಪಿನ್ ತೂತು ದಿನಕಳೆದಂತೆ ಅಗಲವಾಗುತ್ತದೆ. ಇನ್ನೊಂದು ವಿಷಯ ನನಗೆ ಮುಖ್ಯ. ಸ್ಟೀಲಿನಲ್ಲಿ ಒಂದು ಮಿತಿಯ ಕೆಳಗಿನ ಒತ್ತಡ ಎಷ್ಟು ಲಕ್ಷ ಸಲ ಬಂದರೂ ಆಯಾಸದ ಬಿರುಕು ಬರುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಸಣ್ಣ ಒತ್ತಡವೂ ಸಾಕಷ್ಟು ಸಲ ಬಂದರೆ ಒಂದು ದಿನ ಬಿರುಕು ಬಿಡುತ್ತದೆ.

ಟೈಟಾನಿಯಂ ಗ್ರೇಡ್ 5 ನಿಜಕ್ಕೂ ಅದ್ಭುತ ಲೋಹ. 830ಕ್ಕೂ ಜಾಸ್ತಿ ತಡೆಯುತ್ತದೆ, ತೂಕ ಸ್ಟೀಲಿಗಿಂತ ನಲವತ್ತು ಪರ್ಸೆಂಟ್ ಕಮ್ಮಿ. ವಿದ್ಯಾರ್ಥಿಗಳ ಜೇಬಿಗೆ ಅದು ಎಟುಕುವುದಿಲ್ಲ. ಮುರಿದರೆ ಮರುದಿನ ಮಂಡ್ಯದಲ್ಲಿ ಇನ್ನೊಂದು ಮಾಡಿಸಲೂ ಆಗುವುದಿಲ್ಲ.

ಉಳಿದದ್ದು ಇಎನ್8, ಇಎನ್19, ಇಎನ್24. ಇಎನ್8 ಎಲ್ಲ ಕಡೆ ಸಿಗುತ್ತದೆ, ಸುಲಭವಾಗಿ ಕಡಿಯುತ್ತದೆ, ಗಾಣಕ್ಕೆ ಟಿಲ್ಲರ್‌ಗೆ ಸಾಕು. ನಮ್ಮ ತೂಕದ ಮಿತಿಯಲ್ಲಿ ಅದು ಸಾಲದು. ಇಎನ್19 ಕ್ರೋಮಿಯಂ ಮತ್ತು ಮಾಲಿಬ್ಡಿನಂ ಸೇರಿದ್ದು. ಇಎನ್24ರಲ್ಲಿ ಇವೆರಡರ ಜೊತೆ ನಿಕ್ಕಲ್ ಕೂಡ ಇದೆ. ಆ ನಿಕ್ಕಲ್‌ನಿಂದ ಪೆಟ್ಟು ತಡೆಯುವ ಗುಣ ಹೆಚ್ಚುತ್ತದೆ. ಟಿ ಎಂಬ ಅಕ್ಷರ ಹದದ ಗುರುತು. ಟಿ ಹದದಲ್ಲಿ ಅದು 650 ಮೆಗಾಪ್ಯಾಸ್ಕಲ್‌ವರೆಗೆ ಬಾಗಿ ಉಳಿಯುವುದಿಲ್ಲ, ವಾಪಸ್ ಬರುತ್ತದೆ.

ಆ ಹದದ ಮಾತನ್ನು ಯಜಮಾನರು ಬೆಲ್ಲಕ್ಕೆ ಹೋಲಿಸಿ ಹುಡುಗರಿಗೆ ಹೇಳಿದರು. "ಪಾಕ ಎಳೇದಾದ್ರೆ ಅಚ್ಚಲ್ಲಿ ನಿಲ್ಲಾಕಿಲ್ಲ. ಜಾಸ್ತಿ ಆದ್ರೆ ಕಲ್ಲು. ಉಕ್ಕೂ ಅಂಗೇಯ." ಇಎನ್24ನ್ನು 830–850 ಡಿಗ್ರಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದೂ ಗಾಜಿನಂತೆ ಗಡಸಾಗುತ್ತದೆ. ಆಮೇಲೆ 550ರಿಂದ 660ರ ನಡುವೆ ಮತ್ತೆ ಕಾಯಿಸಿ ಗಡಸುತನ ಸ್ವಲ್ಪ ಬಿಟ್ಟುಕೊಟ್ಟು ತಾಳಿಕೆ ಪಡೆಯುತ್ತಾರೆ. 300ರ ಆಸುಪಾಸಿನಲ್ಲಿ ನಿಲ್ಲಿಸಿದರೆ ಇನ್ನೂ ಗಡಸಾಗಿಯೇ ಇರುತ್ತದೆ, ಆದರೆ ಪೆಟ್ಟಿಗೆ ಒಡೆಯುವ ಸ್ವಭಾವ ಬರುತ್ತದೆ. ಹಾಗಾಗಿ ನಾವೇ ಹದ ಮಾಡುವ ಸಾಹಸ ಬೇಡ, ಹದವಾಗಿ ಬಂದ ಸರಳನ್ನೇ ಕಡಿಯೋಣ ಎಂದೆ. ಹದವಾದ ಮೇಲೂ ಲೇತಿನಲ್ಲಿ ಕಡಿಯಬಹುದು ಎಂಬುದೇ ಟಿ ಹದದ ದೊಡ್ಡ ಅನುಕೂಲ. ಟರ್ನಿಂಗ್ ಆದಮೇಲೆ ಕಾಯಿಸಿದರೆ ಬರುವ ಸೊಟ್ಟ ಇಲ್ಲಿ ಬರುವುದಿಲ್ಲ.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪರಿಚಯದವರ ಹತ್ತಿರ 22 ಎಂಎಂ ಬಾರಿನ ಉಳಿಕೆ ಸಿಕ್ಕಿತು. 900 ಎಂಎಂ. ಬಾರಿನ ಮೇಲೆ ಬರೆದದ್ದನ್ನು ಸುಮ್ನೆ ನಂಬಬೇಡಿ. ಎಲ್ಲ ಸ್ಟೀಲೂ ಕಣ್ಣಿಗೆ ಒಂದೇ. ನಾನು ಕಾರ್ಖಾನೆಯಲ್ಲಿ ಅನುಮತಿ ಕೇಳಿ ಗಡಸುತನ ಅಳೆದೆ. ಮೂರು ಜಾಗದಲ್ಲೂ 28ರಿಂದ 30 ಎಚ್‌ಆರ್‌ಸಿ. ಟಿ ಹದಕ್ಕೆ ಸರಿಯಾದ ಅಂಕಿ.

ವಿನ್ಯಾಸ, ಮತ್ತು 150 ಗ್ರಾಂ ಜಗಳ

ಹೊಸ ಶಾಫ್ಟ್ 15 ಎಂಎಂ, 6002 ಎಂಬ ನಂಬರಿನ ಬೇರಿಂಗಿಗೆ. ಬೇರಿಂಗ್ ಮತ್ತು ಚಕ್ರದ ನಡುವೆ 20 ಎಂಎಂ ದಪ್ಪದ 3 ಎಂಎಂ ಅಗಲದ ಕಾಲರ್. ಪಕ್ಕದಿಂದ ಪೆಟ್ಟು ಬಿದ್ದರೆ ಅದು ಆ ಕಾಲರ್ ಮೂಲಕ ಬೇರಿಂಗಿಗೆ ಹೋಗಬೇಕು. ಕಾಲರಿನ ಎರಡೂ ಮೂಲೆಗೆ 2 ಎಂಎಂ ರೇಡಿಯಸ್.

ಇಲ್ಲೊಂದು ತೊಡಕು ಬಂತು. ಬೇರಿಂಗಿನ ಒಳ ಬಳೆಯ ಅಂಚಿನ ದುಂಡು ತೀರ ಚಿಕ್ಕದು, 6002ರಲ್ಲಿ 0.3 ಎಂಎಂ ಸುಮಾರು. ಅದು ನಮ್ಮ 2 ಎಂಎಂ ರೇಡಿಯಸ್ ಮೇಲೆ ಹತ್ತಿ ಕೂರುತ್ತದೆ, ಕಾಲರಿಗೆ ತಾಗುವುದಿಲ್ಲ. ಬಹಳ ಜನ ಇಲ್ಲಿಯೇ ಸೋತು ಮೂಲೆಯನ್ನು ಚೂಪು ಮಾಡಿಬಿಡುತ್ತಾರೆ. ನಾವು ಮಧ್ಯೆ 3 ಎಂಎಂ ವಾಷರ್ ಇಟ್ಟು, ಅದರ ಒಳ ಅಂಚಿಗೆ ಓರೆ ಹೊಡೆದೆವು. ರೇಡಿಯಸ್ ಆ ಓರೆಯೊಳಗೆ ಅಡಗುತ್ತದೆ. ಹಬ್ಬಿನ ತೂತಿನ ಅಂಚಿಗೂ ಹಾಗೇ ಮಾಡಿದೆವು. ಇದರಿಂದ ಹೊರಚಾಚು 18 ಅಂದುಕೊಂಡದ್ದು 21 ಎಂಎಂ ಆಯಿತು. ಒಪ್ಪಿಕೊಂಡೆವು.

ಈಗ ಅದೇ 4,900 ನ್ಯೂಟನ್, 21 ಎಂಎಂ. 12 ಎಂಎಂ ಶಾಫ್ಟ್ ಇದ್ದಿದ್ದರೆ 607 ಮೆಗಾಪ್ಯಾಸ್ಕಲ್, 650ಕ್ಕೆ ತುಂಬ ಹತ್ತಿರ. 15ರಲ್ಲಿ 311. ಮೂಲೆಯಲ್ಲಿ ಒತ್ತಡ ಒಟ್ಟಾಗುವುದನ್ನೂ ಸೇರಿಸಬೇಕು. 2 ಎಂಎಂ ರೇಡಿಯಸ್ ಇದ್ದರೆ ಸುಮಾರು ಒಂದೂವರೆ ಪಟ್ಟು, ಅಂದರೆ 470ರ ಸುತ್ತಮುತ್ತ. ಟೂಲಿನ ತುದಿ ಬಿಟ್ಟ ಚೂಪು ಮೂಲೆಯಾದರೆ ಎರಡೂವರೆಯಿಂದ ಮೂರು ಪಟ್ಟು. ಆಗ ಇಎನ್24ಟಿ ಕೂಡ ಸಾಲುವುದಿಲ್ಲ.

ತೂಕದ ಲೆಕ್ಕದಲ್ಲಿ ಹುಡುಗರ ನಡುವೆ ಜೋರು ಜಗಳವೇ ಆಯಿತು. 15 ಕೆಜಿ ಮಿತಿಗೆ ನಮ್ಮಲ್ಲಿ ಉಳಿದಿದ್ದದ್ದು 150 ಗ್ರಾಂ. 100 ಎಂಎಂ ಉದ್ದದ ಶಾಫ್ಟ್ 12ರಿಂದ 15ಕ್ಕೆ ಹೋದರೆ ಒಂದಕ್ಕೆ 50 ಗ್ರಾಂ, ನಾಲ್ಕಕ್ಕೆ 200. ಆಯುಧದಿಂದ ತೆಗೆಯೋಣ ಎಂದು ಒಬ್ಬ, ಕೊಡುವುದಿಲ್ಲ ಎಂದು ಇನ್ನೊಬ್ಬ.

ಉತ್ತರ ಶಾಫ್ಟಿನ ಒಳಗೇ ಇತ್ತು. ಬಗ್ಗುವಾಗಲೂ ತಿರುಚುವಾಗಲೂ ಕೆಲಸ ಮಾಡುವುದು ಹೊರಗಿನ ಲೋಹ. ನಡುವಿನದು ಹೆಚ್ಚುಕಡಿಮೆ ಸುಮ್ಮನೆ ಕೂತಿರುತ್ತದೆ. 15 ಎಂಎಂ ನಡುವೆ 7 ಎಂಎಂ ತೂತು ಕೊರೆದರೆ ಆ ಭಾಗದ ತೂಕ 22 ಪರ್ಸೆಂಟ್ ಕಮ್ಮಿ, ಶಕ್ತಿ ಬರೀ 5 ಪರ್ಸೆಂಟ್ ಕಮ್ಮಿ. ಒಳ ತುದಿಯಿಂದ 65 ಎಂಎಂ ಆಳ ಕೊರೆಯುವುದೆಂದಾಯಿತು. ಪಿನ್ ಇರುವ ಹೊರ ತುದಿ ಗಟ್ಟಿಯಾಗಿಯೇ ಉಳಿಯಬೇಕು. ಒಂದಕ್ಕೆ ಸುಮಾರು 20 ಗ್ರಾಂ ಉಳಿತಾಯ. ಒಟ್ಟು ಹೆಚ್ಚಳ 120 ಗ್ರಾಂ. ಜಗಳ ಮುಗಿಯಿತು.

ಒಳಗಡೆ ಸ್ಪ್ರಾಕೆಟ್ಟಿಗೆ (ಚೈನ್ ಓಡುವ ಹಲ್ಲಿನ ಚಕ್ರ) ತೂತೂ ಇಲ್ಲ, ಕೀವೇಯೂ ಇಲ್ಲ. ಸೀಳಿರುವ ಕ್ಲ್ಯಾಂಪ್ ಹಬ್, ಎರಡು ಬೋಲ್ಟ್ ಬಿಗಿದರೆ ಶಾಫ್ಟನ್ನು ತಬ್ಬಿಕೊಳ್ಳುತ್ತದೆ. ವಿಪರೀತ ಟಾರ್ಕ್ ಬಂದರೆ ಸ್ವಲ್ಪ ಜಾರಿ ಗೇರನ್ನು ಉಳಿಸುತ್ತದೆ. ಹಬ್ಬನ್ನು ಶಾಫ್ಟಿಗೆ ವೆಲ್ಡ್ ಮಾಡಿಬಿಡೋಣ ಎಂದು ಒಬ್ಬ ಹೇಳಿದ. ಇಎನ್24ಟಿಗೆ ಅದನ್ನು ಯಾವತ್ತೂ ಮಾಡಬಾರದು. ವೆಲ್ಡಿನ ಪಕ್ಕದ ಲೋಹ ಕೆಂಪಾಗಿ ಬೇಗ ತಣ್ಣಗಾಗುತ್ತದೆ, ಅಷ್ಟು ಜಾಗದ ಹದ ಪೂರ್ತಿ ಕೆಟ್ಟು ಒಡೆಯುವಂತಾಗುತ್ತದೆ.

ಟರ್ನಿಂಗ್

ಎರಡು ಭಾನುವಾರ ಹಿಡಿಯಿತು. ಯಜಮಾನರು ಒರಟು ಕೆಲಸವನ್ನು ಕಾರ್ಬೈಡ್ ಟೂಲಿನಲ್ಲಿ ಮಾಡಿದರು. ಚಿಪ್ಪು ನೀಲಿಯಾಗಿ ಹಾರುತ್ತಿತ್ತು. ಮೂಲೆಗೆ ಬಂದಾಗ ನಿಲ್ಲಿಸಿ, ಒಂದು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲನ್ನು ಗ್ರೈಂಡರಿಗೆ ಹಿಡಿದು ಮೂಗನ್ನು ದುಂಡಗೆ ಮಾಡಿದರು. ರೇಡಿಯಸ್ ಗೇಜ್ ಇಟ್ಟು ಬೆಳಕಿಗೆ ಹಿಡಿದು ನೋಡಿದರು. ಮತ್ತೆ ಸ್ವಲ್ಪ ಉಜ್ಜಿದರು. ಮೂರನೇ ಸಲಕ್ಕೆ ತೃಪ್ತಿ. ನಿಧಾನ ವೇಗ, ಎಣ್ಣೆ ಹನಿ, ಕೈಯಲ್ಲೇ ಫೀಡ್.

ಬೇರಿಂಗ್ ಕೂರುವ ಜಾಗ 15.00ರಿಂದ 15.01ರೊಳಗೆ ಬೇಕಿತ್ತು. ಎಂಟರಲ್ಲಿ ಒಂದು 14.97 ಆಗಿ ಹೋಯಿತು. ಬಿಸಾಡಲಿಲ್ಲ, ಅಭ್ಯಾಸದ ರೋಬೋಟಿಗೆ ಇಟ್ಟೆವು. ಹೌದು, ನಾಲ್ಕು ಬೇಕಿದ್ದರೂ ಎಂಟು ಮಾಡಿಸಿದೆವು. ಪಂದ್ಯದ ಮಧ್ಯೆ ಲೇತ್ ಹುಡುಕುವ ಕಷ್ಟ ನನಗೆ ಗೊತ್ತು.

ರೇಡಿಯಸ್ಸಿಗೆ ನಯವಾದ ಎಮರಿ ಕಾಗದದಿಂದ ಪಾಲಿಶ್ ಕೊಟ್ಟೆವು. ಕೊನೆಯ ಉಜ್ಜು ಶಾಫ್ಟಿನ ಉದ್ದಕ್ಕೆ ಇರಬೇಕು. ಸುತ್ತ ಬರುವ ಗೀರುಗಳು ಬಗ್ಗುವ ಬಲಕ್ಕೆ ಅಡ್ಡವಾಗಿರುತ್ತವೆ, ಬಿರುಕಿಗೆ ದಾರಿ ತೋರಿಸುತ್ತವೆ. ಪಿನ್ ತೂತಿನ ಎರಡೂ ಬಾಯಿಗೆ ಕೌಂಟರ್‌ಸಿಂಕ್ ಹೊಡೆದು ಅಂಚನ್ನು ದುಂಡು ಮಾಡಿದೆವು. ಈ ಕೆಲಸ ಹುಡುಗಿಯೇ ಮಾಡಿದಳು. ಅವಳಷ್ಟು ತಾಳ್ಮೆ ಬೇರೆ ಯಾರಿಗೂ ಇರಲಿಲ್ಲ.

ಬೀಳಿಸಿ ನೋಡಿದ್ದು

ಆಯುಧದ ಬ್ಲೇಡ್ ಬಿಚ್ಚಿ, ಬ್ಯಾಟರಿ ತೆಗೆದು, ಅದೇ ತೂಕದ ಕಬ್ಬಿಣ ಕಟ್ಟಿದೆವು. ಹಗ್ಗದಲ್ಲಿ ಅರ್ಧ ಮೀಟರ್ ಎತ್ತಿ, ಎಡಗಡೆಗೆ ವಾಲಿಸಿ, ಕಾಂಕ್ರೀಟ್ ಮೇಲೆ ಬಿಟ್ಟೆವು. ಮೊದಲ ಸದ್ದಿಗೆ ಪಕ್ಕದ ಮನೆಯ ಅಜ್ಜಿ ಓಡಿ ಬಂದು "ಏನ್ ಬಿತ್ತಪ್ಪ?" ಎಂದು ಕೇಳಿದರು. ಒಟ್ಟು ಇಪ್ಪತ್ತು ಸಲ ಬೀಳಿಸಿದೆವು.

ಶಾಫ್ಟ್‌ಗಳನ್ನು ಬಿಚ್ಚಿ ವಿ ಬ್ಲಾಕಿನ ಮೇಲೆ ಇಟ್ಟು ಡಯಲ್ ಹಾಕಿದೆ. ಮೊದಲು 0.02 ಎಂಎಂ ಇದ್ದ ಔಟ್ (ಸೊಟ್ಟ) ಈಗ 0.03. ಮೂಲೆಗಳಿಗೆ ಕೆಂಪು ಡೈ ಸ್ಪ್ರೇ ಮಾಡಿ, ಒರೆಸಿ, ಬಿಳಿ ಡೆವಲಪರ್ ಹಾಕಿ ಹತ್ತು ನಿಮಿಷ ಕಾದೆವು. ಬಿರುಕು ಇದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಒಂದೂ ಮೂಡಲಿಲ್ಲ.

ಆದರೆ ಎಡ ಮುಂಭಾಗದ ಹೊರ ಬೇರಿಂಗನ್ನು ಬೆರಳಲ್ಲಿ ತಿರುಗಿಸಿದರೆ ಕರಕರ ಎಂದಿತು. ಬಿಚ್ಚಿ ನೋಡಿದಾಗ ಚೆಂಡುಗಳು ಓಡುವ ದಾರಿಯಲ್ಲಿ ಸಣ್ಣ ಸಣ್ಣ ಗುಳಿಗಳು. ಶಾಫ್ಟ್ ತಡೆದ ಪೆಟ್ಟು ಮುಂದಕ್ಕೆ ಬೇರಿಂಗಿಗೆ ಹೋಗಿತ್ತು. ಆ ಬಲಕ್ಕೆ 6002 ಚಿಕ್ಕದು. ದೊಡ್ಡದು ಹಾಕಲು ಚಾಸಿಯಲ್ಲಿ ಜಾಗ ಇಲ್ಲ. ಹಾಗಾಗಿ ಹೊರ ಬೇರಿಂಗ್‌ಗಳನ್ನು ಪ್ರತಿ ಸ್ಪರ್ಧೆಗೆ ಹೊಸದಾಗಿ ಹಾಕುವುದು ಎಂದು ಪಟ್ಟಿಯಲ್ಲಿ ಬರೆದುಕೊಂಡೆವು. ಬೇರಿಂಗ್ ಎಲ್ಲ ಊರಲ್ಲೂ ಸಿಗುತ್ತದೆ, ಹತ್ತು ನಿಮಿಷದಲ್ಲಿ ಬದಲಾಯಿಸಬಹುದು.

ಆಮೇಲೆ ಒಂದು ಕಾಲೇಜಿನ ಸ್ಪರ್ಧೆಯಲ್ಲಿ ನಾಲ್ಕು ಪಂದ್ಯ ಆಡಿದೆವು. ಎರಡು ಗೆದ್ದೆವು. ಸೋತ ಒಂದರಲ್ಲಿ ಸ್ಪೀಡ್ ಕಂಟ್ರೋಲರ್ ಸುಟ್ಟಿತು, ಇನ್ನೊಂದರಲ್ಲಿ ಆಯುಧದ ಬೆಲ್ಟ್ ಹೋಯಿತು. ಮೂರು ಸಲ ರೋಬೋಟ್ ಗಾಳಿಯಲ್ಲಿ ಹಾರಿತು. ನಾಲ್ಕೂ ಚಕ್ರ ನಾಲ್ಕೂ ಪಂದ್ಯ ಮುಗಿಯುವವರೆಗೆ ಸೀದಾ ಓಡಿದವು. ವಾಪಸ್ ಬಂದು ಅಳೆದಾಗ ಮೂರು ಶಾಫ್ಟ್ 0.03, ಒಂದು 0.06. ಆ ಒಂದರ ಮೇಲೆ ಮಾರ್ಕರಿನಲ್ಲಿ ಚುಕ್ಕೆ ಇಟ್ಟಿದ್ದೇವೆ. 0.10 ದಾಟಿದರೆ ತೆಗೆಯುತ್ತೇವೆ.

ಅದನ್ನು ಯಜಮಾನರಿಗೆ ತೋರಿಸಲು ಒಯ್ದೆ. ಕನ್ನಡಕ ಹಾಕಿಕೊಂಡು ಮೂಲೆಯ ರೇಡಿಯಸ್ಸನ್ನು ಉಗುರಿನಿಂದ ಸವರಿ ನೋಡಿ ವಾಪಸ್ ಕೊಟ್ಟರು. ಉಳಿದ ಬಾರಿನ ತುಂಡು ಅವರ ಅಂಗಡಿಯಲ್ಲೇ ಎಣ್ಣೆ ಕಾಗದ ಸುತ್ತಿಕೊಂಡು ಕೂತಿದೆ. ಆಯುಧದ ಶಾಫ್ಟಿಗೆ ಇನ್ನೂ ಸಾಮಾನ್ಯ ಬೋಲ್ಟೇ ಇದೆ. ಮುಂದಿನ ಭಾನುವಾರ ಅದರ ಸರದಿ.